ಮಗ್ಗ ನಿಲ್ಲಿಸಬೇಡಿ ಅಂದವರು

ನಮ್ಮ ಬೀದಿಯಲ್ಲಿ ಯಾರಾದರೂ ತೀರಿಕೊಂಡರೆ ಮಗ್ಗ ನಿಲ್ಲಿಸುತ್ತಾರೆ. ಯಾರೂ ಬಂದು ಹೇಳಬೇಕಾಗಿಲ್ಲ. ಒಂದು ಮನೆಯಲ್ಲಿ ಸದ್ದು ನಿಂತರೆ ಪಕ್ಕದ ಮನೆಯವರು ಬಾಗಿಲಿಗೆ ಬಂದು ನೋಡುತ್ತಾರೆ, ವಿಷಯ ತಿಳಿದುಕೊಂಡು ಒಳಗೆ ಹೋಗಿ ತಮ್ಮದನ್ನೂ ನಿಲ್ಲಿಸುತ್ತಾರೆ, ಆಮೇಲೆ ಅವರಾಚೆ ಮನೆಯವರು. ಹೆಣ ಬೀದಿ ದಾಟಿ, ಮಾರನೇ ದಿನ ಬೆಳಗಾಗುವವರೆಗೆ ಯಾರೂ ಸ್ವಿಚ್ಚಿಗೆ ಕೈ ಹಾಕುವುದಿಲ್ಲ. ದೊಡ್ಡಬಳ್ಳಾಪುರದಲ್ಲಿ ಪವರ್‌ಲೂಮ್ ಸದ್ದಿಲ್ಲದ ಹಗಲು ಅಂದರೆ ಒಂದೋ ಕರೆಂಟು ಹೋಗಿರಬೇಕು, ಇಲ್ಲ ಯಾರೋ ಹೋಗಿರಬೇಕು.

ನಮ್ಮ ಎದುರುಮನೆ ಮೇಡಂ ತೀರಿಕೊಂಡ ದಿನ ಒಂದು ಮಗ್ಗವೂ ನಿಲ್ಲಲಿಲ್ಲ.

ನೆಲಮಂಗಲದಿಂದ ಬಂದಿದ್ದ ಅವರ ತಮ್ಮನ ಮಗನ ಮುಖ ಸಣ್ಣಗಾಗಿತ್ತು. "ಇಷ್ಟು ವರ್ಷ ಇದೇ ಬೀದೀಲಿದ್ರು ನಮ್ಮತ್ತೆ. ಒಂದ್ ಗಳಿಗೆ ನಿಲ್ಲಿಸೋಕಾಗಲ್ವಾ ಇವ್ರಿಗೆ?" ಅಂತ ನನ್ನನ್ನು ಕೇಳಿದ. ನಾನು ಅವನ ಕೈಗೆ ಕಾಫಿ ಲೋಟ ಕೊಟ್ಟು, "ಅವರೇ ಬೇಡ ಅಂದಿದ್ರಪ್ಪಾ" ಅಂದೆ. ನಂಬಿದ ಹಾಗೆ ಕಾಣಲಿಲ್ಲ. ಜನ ಬರುತ್ತಿದ್ದರು, ಹೂವು ಬರುತ್ತಿತ್ತು, ಅವನಿಗೆ ಪೂರ್ತಿ ಹೇಳಲು ಆಗಲಿಲ್ಲ. ಅದಕ್ಕೇ ಈಗ ಕೂತು ಬರೆಯುತ್ತಿದ್ದೇನೆ.

ಮೇಡಂ ಊರಿನ ಕಾಲೇಜಿನಲ್ಲಿ ಕಾಮರ್ಸ್ ಹೇಳಿಕೊಡುತ್ತಿದ್ದವರು. ನಾನು ಮದುವೆಯಾಗಿ ಹೊಸಕೋಟೆಯಿಂದ ಈ ಬೀದಿಗೆ ಬರುವ ಹೊತ್ತಿಗಾಗಲೇ ಅವರಿಗೆ ಅರ್ಧ ತಲೆ ನರೆತಿತ್ತು. ವಾಚಿನ ಮುಖವನ್ನು ಮಣಿಕಟ್ಟಿನ ಒಳಗಡೆಗೆ ಬರುವ ಹಾಗೆ ಕಟ್ಟಿಕೊಳ್ಳುತ್ತಿದ್ದರು. ಸೀರೆಯ ಸೆರಗಿನ ತುದಿಯಲ್ಲಿ ಯಾವಾಗಲೂ ಒಂದು ಹಿಡಿ ಹುರಿಗಡಲೆಯೋ ಕಡಲೇಕಾಯಿಬೀಜವೋ ಗಂಟಾಗಿರುತ್ತಿತ್ತು. ಬೀಜದ ಸಿಪ್ಪೆಯನ್ನು ಎರಡು ಬೆರಳಲ್ಲಿ ತಿಕ್ಕಿ ತೆಗೆದು, ಊದಿ, ಆಮೇಲೆ ಬಾಯಿಗೆ ಹಾಕಿಕೊಳ್ಳುವರು. ಸಿಪ್ಪೆ ಹಾರಿಹೋಗುವವರೆಗೆ ಮಾತಾಡುತ್ತಿರಲಿಲ್ಲ. ಎದುರಿಗೆ ನಿಂತವರಿಗೆ ಆ ಹೊತ್ತಿನಲ್ಲೇ ಜೀವ ಹಾರಿಹೋಗುತ್ತಿತ್ತು.

ನಾನು ಓದಿದ್ದು ಕಾನ್ವೆಂಟಿನಲ್ಲಿ. ಯಾರು ಏನು ಕೊಟ್ಟರೂ, ಏನು ತೋರಿಸಿದರೂ, "ತುಂಬಾ ಚೆನ್ನಾಗಿದೆ, ಥ್ಯಾಂಕ್ಯೂ" ಅನ್ನಬೇಕು ಅಂತ ಸಿಸ್ಟರ್‌ಗಳು ನಮಗೆ ಕಲಿಸಿದ್ದರು. ಮೇಡಂಗೆ ಆ ಪಾಠ ಯಾರೂ ಮಾಡಿರಲಿಲ್ಲ. ಮೊದಲನೇ ವರ್ಷ ಹಬ್ಬಕ್ಕೆ ಹೆಸರುಬೇಳೆ ಪಾಯಸ ಕಳಿಸಿದೆ. ಸಂಜೆ ಪಾತ್ರೆ ತೊಳೆದು, ಖಾಲಿ ಕೊಡಬಾರದು ಅಂತ ಒಂದೆಸಳು ಕರಿಬೇವು ಹಾಕಿಕೊಂಡು ತಾವೇ ಬಂದರು. ಹೊಸ್ತಿಲಾಚೆ ನಿಂತು, "ಏಲಕ್ಕಿ ಜಾಸ್ತಿ ಆಯ್ತು. ಬೇಳೆ ಹುರಿದಿರೋದು ಸರಿಯಾಗಿದೆ. ಬೆಲ್ಲದ ಅಂಗಡಿ ಬದಲಾಯ್ಸಿ" ಅಂದು ಹೊರಟೇಬಿಟ್ಟರು. ನಾನು ಸಿಂಕಿನ ಮುಂದೆ ನಿಂತು ಮೂಗು ಒರೆಸಿಕೊಂಡೆ. ನಮ್ಮ ಯಜಮಾನರು ನಗುತ್ತಾ, "ಪೂರ್ತಿ ತಿಂದಿದಾರೆ ಅಂತಾಯ್ತಲ್ಲಾ" ಅಂದರು. ಅದು ನಿಜವೇ. ಚೆನ್ನಾಗಿತ್ತು ಅಂದ ಉಳಿದ ಮನೆಯವರಲ್ಲಿ ಒಬ್ಬರಿಗೂ, ಮಾರನೇ ದಿನ ಮಾತಿಗೆ ಬಂದಾಗ, ನಾನು ಕಳಿಸಿದ್ದು ಶ್ಯಾವಿಗೆಯೋ ಹೆಸರುಬೇಳೆಯೋ ನೆನಪಿರಲಿಲ್ಲ. ನಾನು ಬೆಲ್ಲದ ಅಂಗಡಿ ಬದಲಾಯಿಸಿದೆ. ಇವತ್ತಿಗೂ ಅಲ್ಲೇ ತರುತ್ತೇನೆ.

ಅವರದೊಂದು ಪ್ರಶ್ನೆ ಇತ್ತು. "ಯಾರಿಗೆ?" ಎಲ್ಲದಕ್ಕೂ ಅದೇ. ಮೂಲೆ ಅಂಗಡಿಯವನು ಹೊಸದಾಗಿ ಬಣ್ಣದ ಚಾಕೊಲೇಟ್ ಡಬ್ಬಗಳನ್ನು ಮೇಲಿನ ಗೂಡಿನಲ್ಲಿ ಸಾಲಾಗಿ ಜೋಡಿಸಿದ್ದ. ಮೇಡಂ ತಲೆಯೆತ್ತಿ ನೋಡಿ, "ಇವು ಯಾರಿಗಪ್ಪಾ?" ಅಂದರು.

"ಮಕ್ಕಳಿಗೆ ಮೇಡಂ."

"ಮಕ್ಕಳ ಕಣ್ಣಿರೋದು ಇಲ್ಲಿ ಕಣೋ" ಅಂತ ಕೌಂಟರಿನ ಕೆಳಗೆ, ಅವನ ಸೊಂಟದ ಮಟ್ಟಕ್ಕೆ ಬಡಿದು ತೋರಿಸಿದರು. "ಅಷ್ಟೆತ್ತರದಲ್ಲಿಟ್ರೆ ಕಾಣೋದು ನನಗೆ. ನನಗೆ ಸಕ್ಕರೆ ಕಾಯ್ಲೆ."

ಮದುವೆ ಯಾಕೆ ಆಗಲಿಲ್ಲ ಅಂತ ಯಾರೋ ಧೈರ್ಯ ಮಾಡಿ ಕೇಳಿದ್ದರಂತೆ. ಅವರಿಗೂ ಅದೇ ಉತ್ತರವಂತೆ: "ಯಾರಿಗೋಸ್ಕರ?"

ಇನ್ನೊಂದು ಅಭ್ಯಾಸ, ಅದನ್ನು ನಾನು ಬಹಳ ತಡವಾಗಿ ಗಮನಿಸಿದೆ. ಯಾರ ಅಭಿಪ್ರಾಯ ಕೇಳಿದರೂ ಅವರ ಮುಖ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದರು. ಒಮ್ಮೆ ಕೇಳಿದಾಗ, "ಮುಖಕ್ಕೆ ಮರ್ಯಾದೆ ಗೊತ್ತು ಕಣಮ್ಮ. ಕಾಲಿಗೆ ಗೊತ್ತಿಲ್ಲ. ಮನಸ್ಸೆಲ್ಲಿರುತ್ತೋ ಆ ಕಡೆ ತಿರುಗಿಕೊಂಡಿರುತ್ತೆ" ಅಂದರು. ಅವತ್ತಿನಿಂದ ನನಗೂ ಆ ಚಾಳಿ ಅಂಟಿಕೊಂಡಿದೆ.

ರಂಜಿತಾಳ ವಿಷಯಕ್ಕೆ ಬರಬೇಕು. ಅವಳು ನಮ್ಮ ಮನೆಗೆ ನಾಲ್ಕು ಬಾಗಿಲಾಚೆಯ ಹುಡುಗಿ. ಅಪ್ಪ ಅಮ್ಮ ಇಬ್ಬರೂ ಮನೆಯಲ್ಲೇ ಮಗ್ಗ ಹಾಕಿಕೊಂಡು ಸೀರೆ ನೇಯುವವರು. ಅವಳು ಬೆಂಗಳೂರು ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜಿಗೆ ದಿನಾ ಬಸ್ಸಲ್ಲಿ ಹೋಗಿಬರುತ್ತಿದ್ದಳು. ಲ್ಯಾಬ್ ಇದ್ದ ದಿನ ಬರುವುದು ಕತ್ತಲಾಗುತ್ತಿತ್ತು. ಬಸ್ ಸ್ಟಾಪಿನಿಂದ ನಮ್ಮ ಬೀದಿಗೆ ಇರುವುದು ಕೆರೆ ಏರಿ ಒಂದೇ ದಾರಿ. ಒಂದು ಸಂಜೆ ಆ ಏರಿಯ ಮೇಲೆ ಇಬ್ಬರು ಬೈಕಿನಲ್ಲಿ ಹಿಂದೆ ಬಿದ್ದರು. ದುಪಟ್ಟ ಹಿಡಿದು ಎಳೆದರು. ಅವಳು ಕಿತ್ತುಕೊಂಡು, ಕೂಗಿಕೊಂಡು ಓಡಿ ಬಂದಳು. ಬೀದಿಯ ತುದಿಯಿಂದಲೂ ಕೂಗಿದಳು. ಒಬ್ಬರೂ ಹೊರಗೆ ಬರಲಿಲ್ಲ. ಮನೆಯೊಳಗೆ ಬಂದು ನಿಂತು "ಅಮ್ಮಾ" ಅಂತ ಕೂಗಿದಳು. ಅಮ್ಮ ಬಾಗಿಲಿಗೆ ಬೆನ್ನು ಹಾಕಿ ಮಗ್ಗದ ಮುಂದಿದ್ದರು. ತಿರುಗಲಿಲ್ಲ. ಭುಜ ಮುಟ್ಟಿದಾಗಲೇ ಗೊತ್ತಾಗಿದ್ದು.

ಅದಾದ ಮೇಲೆ ಆ ತಾಯಿಗೆ ಸಂಜೆಯಾದರೆ ಕೈ ನಡುಗುತ್ತಿತ್ತು. ದಾರ ಹಿಡಿಯಲಿಕ್ಕಾಗುತ್ತಿರಲಿಲ್ಲ. ಈ ಸೆಮಿಸ್ಟರ್ ಮುಗಿಸಿ ಸಾಕು, ಮನೆಯಲ್ಲಿರಲಿ ಅಂತ ಗಂಡ ಹೆಂಡತಿ ತೀರ್ಮಾನ ಮಾಡಿಬಿಟ್ಟರು. ರಂಜಿತಾ ಅಳಲಿಲ್ಲ. ಕಾಲೇಜಿನಲ್ಲಿ ವಿದ್ಯಾರ್ಥಿಗಳ ಬಿಸಿನೆಸ್ ಐಡಿಯಾ ಸ್ಪರ್ಧೆ ಇತ್ತು, ಅದಕ್ಕೆ ಹೆಸರು ಕೊಟ್ಟಳು. ಬೆಂಕಿಪೊಟ್ಟಣದಷ್ಟು ಚಿಕ್ಕ ಪೆಟ್ಟಿಗೆ, ಬ್ಯಾಗಿಗೆ ಸಿಕ್ಕಿಸಿಕೊಳ್ಳಬಹುದು, ಗುಂಡಿ ಒತ್ತಿದರೆ ಕಿವಿ ಹರಿಯುವ ಹಾಗೆ ಕಿರುಚುತ್ತೆ. "ನನ್ನ ಗಂಟಲಿಗಿಂತ ಹತ್ತು ಪಾಲು ಜೋರು ಆಂಟಿ" ಅಂತ ನನಗೆ ತೋರಿಸಿದಳು. ನಮ್ಮ ಹಾಲಿನಲ್ಲಿ ಒತ್ತಿದಾಗ ಷೋಕೇಸಿನ ಗಾಜು ಗುಂಯ್‌ಗುಟ್ಟಿತು. ನಾನು ಎಂದಿನಂತೆ, "ತುಂಬಾ ಚೆನ್ನಾಗಿದೆ ಪುಟ್ಟಾ" ಅಂದೆ.

ಬಳಸುವವರ ಅಭಿಪ್ರಾಯ ಕೇಳಿಕೊಂಡು ಬರಬೇಕು ಅಂತ ಕಾಲೇಜಿನಲ್ಲಿ ಹೇಳಿದ್ದರಂತೆ. ಮೇಡಂ ಮನೆ ಬಿಟ್ಟರೆ ಮಗ್ಗವಿಲ್ಲದ ಮನೆ ಬೀದಿಯಲ್ಲಿ ನಮ್ಮದೊಂದೇ, ಮಾತು ಕೇಳಿಸುತ್ತೆ ಅಂತ ನಮ್ಮ ಮನೆಯಲ್ಲೇ ಹೆಂಗಸರನ್ನೆಲ್ಲ ಸೇರಿಸಿದೆವು. ನಾನು ಚಕ್ಕುಲಿ ಮಾಡಿದ್ದೆ. ಮೇಡಂ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ರಂಜಿತಾ ಒತ್ತಿ ತೋರಿಸಿದಳು, ಎಲ್ಲರೂ ಕಿವಿ ಮುಚ್ಚಿಕೊಂಡು ನಕ್ಕರು, ಚೆನ್ನಾಗಿದೆ ಕಣೇ, ಒಳ್ಳೇದಾಗ್ಲಿ ಅಂದರು. ನನ್ನ ಕಣ್ಣು ಕೆಳಗೆ ಹೋಯಿತು. ಚಪ್ಪಲಿ ಬಿಟ್ಟ ಅಷ್ಟೂ ಪಾದಗಳು ಬಾಗಿಲ ಕಡೆ ತಿರುಗಿದ್ದವು. ಪಾಪ, ಎಲ್ಲರೂ ಮಗ್ಗ ಬಿಟ್ಟು ಬಂದವರು.

ಮೇಡಂ ಬೀಜದ ಸಿಪ್ಪೆ ಊದಿದರು. "ಯಾರಿಗಮ್ಮಾ ಇದು?"

"ಹುಡ್ಗೀರಿಗೆ ಮೇಡಂ. ಕಾಲೇಜಿಗೆ ಹೋಗೋರು, ಕೆಲ್ಸಕ್ಕೆ ಹೋಗೋರು... ಭಾನುವಾರ ಮಾಕಳಿದುರ್ಗಕ್ಕೆ ಟ್ರೆಕ್ಕಿಂಗ್ ಬರ್ತಾರಲ್ಲ, ಅವ್ರಿಗೂ ಮಾರಬೋದು."

"ಬೆಟ್ಟದ ಮೇಲೆ ಇದು ಕಿರುಚಿದ್ರೆ ಕೇಳಿಸ್ಕೊಳ್ಳೋರು ಯಾರು? ಕೋತಿಗಳಾ?"

ಎಲ್ಲರೂ ನಕ್ಕರು. ರಂಜಿತಾಳೂ ನಗಲು ನೋಡಿದಳು, ಆಗಲಿಲ್ಲ.

"ಕಾಲೇಜಲ್ಲಿ ಎಲ್ರೂ ಸೂಪರ್ ಅಂದ್ರು ಮೇಡಂ."

"ಕಾಲೇಜಲ್ಲಿ ಮಗ್ಗ ಇದ್ಯಾ?" ಅಂತ ಎದ್ದರು. "ಮಗ್ಗ ಇಲ್ದಿರೋ ಮನೇಲಿ ಚಕ್ಕುಲಿ ತಿಂತಾ ಕೂತ್ರೆ ಎಲ್ಲಾನೂ ಕೇಳಿಸುತ್ತೆ. ನಡೀರಿ ಎಲ್ರೂ. ಅವತ್ತು ನೀನು ಕೂಗಿದ್ದು ಎಲ್ಲಿ ನಿಂತು? ಅಲ್ಲೇ ನಿಂತ್ಕೋ. ನಿಮ್ಮಮ್ಮ ಎಲ್ಲಿದ್ರೋ ಅಲ್ಲೇ ಕೂರ್ಲಿ."

ಹೆಂಗಸರು ತಂತಮ್ಮ ಮನೆಗೆ ಹೋಗಿ ಮಗ್ಗ ಹಾಕಿದರು. ರಂಜಿತಾಳ ಅಮ್ಮ ಒಳಗೆ ಹೋಗಿ ಕೂತರು. ಅಪ್ಪ ಆಗಲೇ ಪಕ್ಕದ ಮಗ್ಗದಲ್ಲಿದ್ದರು, ಏನು ನಡೆಯುತ್ತಿದೆ ಅಂತ ಅವರಿಗೆ ಹೇಳಿರಲಿಲ್ಲ. ನಾನು, ಮೇಡಂ ಇಬ್ಬರೂ ರಂಜಿತಾಳ ಮನೆಯ ಬಾಗಿಲಲ್ಲಿ ನಿಂತೆವು. ಬೀದಿಯ ತುದಿಯಲ್ಲಿ ಹುಡುಗಿ ಕೈಯೆತ್ತಿದಳು, ಒತ್ತಿದಳು. ಮಗ್ಗಗಳ ಟಕಟಕ ಟಕಟಕ ಅಷ್ಟೇ. ಅವಳು ಹತ್ತಿರ ಬಂದಳು. ಇನ್ನೂ ಹತ್ತಿರ. ಬಾಗಿಲಿಗೇ ಬಂದು ನಿಂತಾಗ ನನಗೆ ಆ ಸದ್ದು ಕೇಳಿಸಿತು, ದೂರದಲ್ಲಿ ಯಾವುದೋ ಹಕ್ಕಿ ಕೂಗಿದ ಹಾಗೆ. ಒಳಗೆ ಅವಳ ಅಮ್ಮ ಕೇಳಿಸಿಕೊಳ್ಳಬೇಕು ಅಂತ ಕತ್ತು ಬಿಗಿಹಿಡಿದು ಕೂತಿದ್ದರು. ಬೆನ್ನು ಕಾಣುತ್ತಿತ್ತು. ತಿರುಗಲಿಲ್ಲ.

ರಂಜಿತಾ ಆ ಬೆನ್ನನ್ನೇ ನೋಡುತ್ತಾ ನಿಂತಳು. ಅವತ್ತಿನ ಸಂಜೆಯನ್ನು ಅವಳು ಎರಡನೇ ಸಲ ನೋಡುತ್ತಿದ್ದಳು ಅಂತ ನನಗೆ ಅನಿಸಿತು. ಮೇಡಂ ಮೇಲೆ ನನಗೆ ಸಿಟ್ಟೇ ಬಂತು.

ಅಷ್ಟರಲ್ಲಿ ಅವಳ ಅಪ್ಪನ ಕಣ್ಣಿಗೆ ಬಾಗಿಲಲ್ಲಿ ನಿಂತ ನಾವು ಬಿದ್ದೆವು. "ಏನಮ್ಮಾ ಇದು, ಎಲ್ಲಾ ಬಂದು ನಿಂತಿದೀರಾ?" ಅನ್ನುವ ಹಾಗೆ ಬಾಯಿ ಆಡಿಸಿದರು, ಮಗ್ಗದ ಸದ್ದಿಗೆ ನಮಗೆ ಕೇಳಿಸಲಿಲ್ಲ. ತಲೆ ಕೆಟ್ಟು ಎದ್ದುಹೋಗಿ ಮೇನ್ ಸ್ವಿಚ್ಚನ್ನೇ ಕೆಳಗೆಳೆದುಬಿಟ್ಟರು. ಮನೆಯ ಅಷ್ಟೂ ಮಗ್ಗ ಒಟ್ಟಿಗೆ ನಿಂತವು.

ನಾನು ನೋಡುತ್ತಿದ್ದ ಹಾಗೆ ಎಡಗಡೆ ಮನೆಯ ಬಾಗಿಲು ತೆಗೆಯಿತು. ಬಲಗಡೆಯದು. ಎದುರಿಗಿನದು. "ಯಾಕೆ ನಿಂತ್ವು? ಏನಾಯ್ತು?" "ಏಮಾಯ್ತಮ್ಮಾ, ಯಾರ್ಗೇನಾಯ್ತು?" ಅಂತ ತೆಲುಗು ಮನೆಯ ಅಜ್ಜಿ ಕೋಲೂರಿಕೊಂಡು ಮೆಟ್ಟಿಲಿಳಿಯಿತು. ಒಬ್ಬರ ಕೈಯಲ್ಲಿ ಇನ್ನೂ ದಾರದ ಉಂಡೆ ಇತ್ತು. ಇದೆಲ್ಲ ನಾಲ್ಕು ಉಸಿರಿನಲ್ಲಿ.

ದಾರ ಕಡಿದರೆ ಒಂದು ಮಗ್ಗ ನಿಲ್ಲುತ್ತೆ, ಊಟಕ್ಕೆ ಎದ್ದರೂ ಒಂದೊಂದಾಗಿ ನಿಲ್ಲುತ್ತೆ. ಕರೆಂಟಿರುವಾಗ ಒಂದು ಮನೆಯ ಮಗ್ಗವೆಲ್ಲ ಒಟ್ಟಿಗೆ ನಿಂತರೆ ಆ ಮನೆಯಲ್ಲಿ ಏನೋ ಆಗಿದೆ ಅಂತಲೇ ಲೆಕ್ಕ. ಈ ಬೀದಿಯಲ್ಲಿ ಹುಟ್ಟಿದವರಿಗೆ ಅದು ಮೈಯಲ್ಲೇ ಇದೆ. ಸದ್ದಿಗೆ ಯಾರೂ ತಿರುಗುವುದಿಲ್ಲ. ಸದ್ದು ನಿಂತರೆ ಓಡಿಬರುತ್ತಾರೆ.

ರಂಜಿತಾಳ ಕೈಯಲ್ಲಿದ್ದ ಪೆಟ್ಟಿಗೆ ಇನ್ನೂ ಕಿರುಚುತ್ತಲೇ ಇತ್ತು. ಅವಳು ಅದನ್ನು ನೋಡಿದಳು, ಬಂದು ನಿಂತವರನ್ನು ನೋಡಿದಳು, ಗೋಡೆಯ ಮೇಲಿನ ಸ್ವಿಚ್ ನೋಡಿದಳು. ಮೆಲ್ಲಗೆ ಗುಂಡಿ ಒತ್ತಿ ಅದರ ಬಾಯಿ ಮುಚ್ಚಿಸಿದಳು.

"ನೋಡ್ದ್ಯಾ?" ಅಂದರು ಮೇಡಂ. ಅಷ್ಟೇ.

"ಇದು ನನಗಲ್ಲ ಮೇಡಂ" ಅಂದಳು ರಂಜಿತಾ. "ಅಮ್ಮಂಗೆ."

ಮುಂದಿನ ವಾರಗಳಲ್ಲಿ ಆ ಮನೆಯ ಜಗುಲಿ ತುಂಬ ತಂತಿ. ಗುಂಡಿ ಒತ್ತಿದರೆ ಫೋನಿನ ಮೂಲಕ ಸುದ್ದಿ ಮನೆಗೆ ಬರಬೇಕು, ಸ್ವಿಚ್ಚಿನ ಪಕ್ಕದ ಡಬ್ಬ ಮಗ್ಗಗಳಿಗೆ ಕರೆಂಟು ಕತ್ತರಿಸಬೇಕು. ದಿನಾ ಸಂಜೆ ಮೇಡಂ ಮುಂದೆ ಹಾಜರಿ. "ಕರೆಂಟೇ ಇಲ್ದಾಗ?" "ಆಗ ಮಗ್ಗ ನಿಂತಿರುತ್ತಲ್ಲ ಮೇಡಂ, ಡಬ್ಬದಲ್ಲಿ ಬ್ಯಾಟರಿ ಇರುತ್ತೆ, ಹಳೇ ಕಿರುಚೋದನ್ನ ಅದ್ರಲ್ಲಿಟ್ಟಿದೀನಿ. ಆ ನಿಶ್ಶಬ್ದದಲ್ಲಿ ಇಡೀ ಬೀದಿಗೆ ಕೇಳಿಸುತ್ತೆ." "ಕೈ ತಪ್ಪಿ ಒತ್ತಿದ್ರೆ?" "ಒತ್ತಿ ಹಿಡ್ಕೊಂಡ್ರೆ ಮಾತ್ರ ಕೆಲ್ಸ ಮಾಡುತ್ತೆ." "ಭಯದಲ್ಲಿ ಬೆರಳು ನಿಲ್ಲುತ್ತಾ? ನಿಂದು ನಿಂತಿತ್ತಾ ಅವತ್ತು?" ಹುಡುಗಿ ಎದ್ದುಹೋಗಿ ಮಾರನೇ ದಿನ ಬೇರೆ ಗುಂಡಿ ತಂದಳು. ಮೇಡಂ ಒಂದು ಸಲವೂ ಚೆನ್ನಾಗಿದೆ ಅನ್ನಲಿಲ್ಲ. ನಾನು ತಡೆಯಲಾರದೆ, "ಒಂದ್ಸಲ ಶಭಾಷ್ ಅನ್ಬಾರ್ದಾ ಮೇಡಂ, ಮಗು ಸೊರಗಿಹೋಗಿದೆ" ಅಂದೆ. "ಶಭಾಷ್ ಅನ್ನೋಕೆ ನೀವಿದೀರಲ್ಲ. ಏರಿ ಮೇಲೆ ಅವಳ ಜೊತೆ ನನ್ನ ಶಭಾಷ್ ಬರಲ್ಲ, ಆ ಡಬ್ಬ ಬರುತ್ತೆ" ಅಂದರು.

ಒಂದು ಮಾತು ಮಾತ್ರ ಒಮ್ಮೆ ಹೇಳಿದರು, ಹುಡುಗಿ ಇಲ್ಲದಾಗ. "ಬೈಕಿನೋರಿಗೆ ಯಾರೂ ಡಬ್ಬ ಕಟ್ಟಲ್ಲ, ಕಟ್ಕೊಳ್ಳೋದೆಲ್ಲ ಇವ್ಳೇ. ಅದನ್ನ ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ. ಆದ್ರೆ ಅದು ಸರಿಹೋಗೋ ತನಕ ಇವಳು ಮನೇಲಿ ಕೂರ್ಬೇಕಾ?"

ಡಬ್ಬ ಸಿದ್ಧವಾದ ಮೇಲೆ ಮೇಡಂ ತಾವೇ ಮನೆಮನೆಗೆ ಹೋದರು. "ಸಂಜೆ ಹೊತ್ತು ಅವ್ರ ಮನೆ ಮಗ್ಗ ನಿಂತ್ರೆ, ಯಾಕೆ ಅಂತ ಕೇಳ್ತಾ ನಿಲ್ಬೇಡಿ. ಏರಿ ಕಡೆ ಓಡಿ." ಕೆಲವರು ಗೊಣಗಿದರು. ಮಗ್ಗ ಹಾಗೆ ತಟಕ್ಕನೆ ನಿಂತರೆ ಮತ್ತೆ ಶುರುಮಾಡುವಾಗ ಸೀರೆಗೆ ಅಡ್ಡ ಗೆರೆ ಬೀಳುತ್ತೆ, ಆ ಸೀರೆಗೆ ಬೆಲೆಯಿಲ್ಲ. ರಂಜಿತಾಳ ಅಪ್ಪನಿಗೂ ಅದೇ ಚಿಂತೆ. "ಸುಮ್ ಸುಮ್ನೆ ಒತ್ತಿಬಿಟ್ರೆ?" ಅಂದರು. ಅವರ ಹೆಂಡತಿ ತಲೆಯೆತ್ತದೆ, "ಬೀಳ್ಲಿ ಗೆರೆ" ಅಂದರು.

ಅದು ಬಿದ್ದೇಬಿಟ್ಟಿತು. ಒಂದು ಸಂಜೆ ನಾನು ಅಕ್ಕಿ ತೊಳೆಯುತ್ತಿದ್ದೆ. ಬೀದಿಯ ಸದ್ದಿನಲ್ಲಿ ಏನೋ ಒಂದು ಕಡಿಮೆಯಾಯಿತು. ಹಲ್ಲು ಬಿದ್ದ ಜಾಗಕ್ಕೆ ನಾಲಿಗೆ ಹೋಗುವ ಹಾಗೆ ಕಿವಿ ಅಲ್ಲಿಗೇ ಹೋಯಿತು. ಹೊರಗೆ ಬಂದರೆ ರಂಜಿತಾಳ ಅಮ್ಮ ಆಗಲೇ ಸೆರಗು ಸಿಕ್ಕಿಸಿಕೊಂಡು ಓಡುತ್ತಿದ್ದರು. ಹಿಂದೆ ಅಪ್ಪ, ಹಿಂದೆ ಬೀದಿ. ಯಾರೋ ಬಡಿಗೆ ತಂದಿದ್ದರು, ಯಾರೋ ಪೊರಕೆ. ನನ್ನ ಕೈಯಲ್ಲಿ ಸೌಟಿತ್ತು, ಯಾವಾಗ ಹಿಡಿದುಕೊಂಡೆನೋ.

ಏರಿಯ ಮೇಲೆ ರಂಜಿತಾ ನಿಂತಿದ್ದಳು. ಅವಳ ಮುಂದೆ ಬೈಕಿನಲ್ಲಿ ಪಾರ್ಸೆಲ್ ಕೊಡುವ ಹುಡುಗನೊಬ್ಬ, ಹೆಲ್ಮೆಟ್ ತೆಗೆದು ಎದೆಗೆ ಅವುಚಿಕೊಂಡಿದ್ದ.

"ಅಣ್ಣಾ, ಅಡ್ರೆಸ್ ಕೇಳ್ದೆ ಅಷ್ಟೇ ಅಣ್ಣಾ! ಗುರು, ಹೊಡೀಬೇಡ್ರಿ, ಲೊಕೇಶನ್ ಕೆರೆ ಒಳಗೆ ತೋರಿಸ್ತಾ ಇದೆ!"

ರಂಜಿತಾಳ ಮುಖ ಕೆಂಪಾಗಿ, ನೆಲ ಸೀಳಿದರೆ ಇಳಿದುಬಿಡುವ ಹಾಗಿತ್ತು. "ಬೈಕ್ ಪಕ್ಕದಲ್ಲಿ ನಿಧಾನ ಆಯ್ತು... ನನಗೆ..." ಅಂದಳು. ಯಾರೋ ಮೊದಲು ನಕ್ಕರು, ಆಮೇಲೆ ಎಲ್ಲರೂ. ಆ ಹುಡುಗನನ್ನು ಕರೆದುಕೊಂಡು ಹೋಗಿ ಅಡ್ರೆಸ್ ತೋರಿಸಿ, ನಾನೇ ಒಂದು ಲೋಟ ಮಜ್ಜಿಗೆ ಕೊಟ್ಟೆ.

ರಾತ್ರಿ ಊಟಕ್ಕೆ ಮುಂಚೆ ಮೇಡಂ ಜೊತೆ ರಂಜಿತಾಳ ಮನೆಗೆ ಹೋದರೆ, ಮಗ್ಗದ ಮೇಲಿನ ಸೀರೆಯಲ್ಲಿ ಅಡ್ಡಕ್ಕೆ ಒಂದು ಗೆರೆ. ನೇರಳೆ ಬಣ್ಣದ ಮೈ, ಗೆರೆ ತೆಳ್ಳಗೆ, ಆದರೆ ಕಾಣುತ್ತಿತ್ತು. ರಂಜಿತಾ ಅದರ ಮುಂದೆ ನಿಂತು, "ಇನ್ಮೇಲೆ ಪೂರ್ತಿ ಗ್ಯಾರಂಟಿ ಆಗೋ ತನಕ ಒತ್ತಲ್ಲಪ್ಪಾ" ಅನ್ನುತ್ತಿದ್ದಳು.

ಮೇಡಂ ಸಿಟ್ಟಾಗಿದ್ದನ್ನು ನಾನು ನೋಡಿದ್ದು ಅವತ್ತೊಂದೇ ದಿನ. "ಗ್ಯಾರಂಟಿ ಆದ್ಮೇಲೆ ಒತ್ತೋಕೆ ಕೈ ಬಿಡ್ತಾರಾ ಅವ್ರು? ಅನುಮಾನ ಬಂದ್ರೆ ಒತ್ತು. ಅನುಮಾನದ ಅನುಮಾನ ಬಂದ್ರೂ ಒತ್ತು. ನಾಚ್ಕೊಂಡು ಒತ್ತದೇ ಇರೋ ಗುಂಡಿ ಯಾರಿಗೆ? ಹೇಳು, ಯಾರಿಗೆ?" ಆಮೇಲೆ ಅವಳ ಅಪ್ಪನ ಕಡೆ ತಿರುಗಿ, "ಈ ಸೀರೆ ನನ್ನದು. ಮುಗಿಸಿ ಕೊಡಿ. ಗೆರೆ ಮುಚ್ಚಿಡೋ ಹಾಗಿಲ್ಲ, ಸೆರಗಿನ ಹತ್ರ ಬರೋ ಹಾಗೇ ಇರ್ಲಿ" ಅಂದರು.

ಅಮ್ಮ ಎರಡೂ ಕೈ ಮುಂದೆ ಚಾಚಿ ಬೆರಳುಗಳನ್ನು ನೋಡಿಕೊಂಡರು. "ಇನ್ನು ನನ್ ಕೈ ನಡುಗಲ್ಲ ಮೇಡಂ" ಅಂದರು. ಗಂಡನಿಗೆ, "ಓದ್ಲಿ ಅವ್ಳು. ಮುಗಿಸ್ಲಿ" ಅಂದರು. ಆ ಮನೆಯಲ್ಲಿ ಅದೇ ಕೊನೆಯ ಮಾತು.

ಸ್ಪರ್ಧೆಯ ದಿನ ಮೇಡಂ ಆ ನೇರಳೆ ಸೀರೆಯನ್ನೇ ಉಟ್ಟು ಬಂದರು. ನನ್ನನ್ನೂ ಕರೆದುಕೊಂಡು ಹೋದರು. ಎಡಭುಜದಿಂದ ಇಳಿದ ಸೆರಗಿನ ಮೇಲೆ ಗೆರೆ ಎದ್ದು ಕಾಣುತ್ತಿತ್ತು. ಬಸ್ಸಿನಲ್ಲಿ ಪಕ್ಕದವರೊಬ್ಬರು ಡ್ಯಾಮೇಜ್ ಪೀಸಾ ಅಂತ ಕೇಳಿದ್ದಕ್ಕೆ, "ಅಲ್ಲ, ನಮ್ಮ ಹುಡ್ಗಿ ಮನೆಗೆ ಬಂದ ಗುರುತು" ಅಂದರು. ಕೇಳಿದವರು ಕಿಟಕಿ ಕಡೆ ತಿರುಗಿಕೊಂಡರು.

ಸ್ಟೇಜಿನ ಮುಂದೆ ಮೂವರು ಜಡ್ಜುಗಳು. ಒಬ್ಬರು ಕನ್ನಡಕ ತೆಗೆದು, "ಐಡಿಯಾ ಓಕೆ. ಆದ್ರೆ ಮಗ್ಗ ಇರೋ ಬೀದಿಗಷ್ಟೇ ಅಲ್ವಾ ಇದು? ಸ್ಕೇಲ್ ಆಗಲ್ಲ" ಅಂದರು. ಮೇಡಂ ನನ್ನ ಪಕ್ಕ, ಸ್ಟೇಜಿನ ಬದಿಯ ಸಾಲಿನಲ್ಲಿ ಕಡಲೇಬೀಜದ ಸಿಪ್ಪೆ ಉಜ್ಜುತ್ತಿದ್ದರು, ತಲೆಯೆತ್ತಲಿಲ್ಲ.

ರಂಜಿತಾ ಮೈಕನ್ನು ಹತ್ತಿರಕ್ಕೆ ಎಳೆದುಕೊಂಡಳು. "ಸರ್, ನಮ್ಮಮ್ಮ ಸಂಜೆ ಹೊತ್ತು ಮಗ್ಗದ ಮುಂದೆ ಇರ್ತಾರೆ. ನಿಮ್ಮಮ್ಮ ಯಾವುದರ ಮುಂದೆ ಇರ್ತಾರೆ ಸರ್?"

"ನಮ್ಮಮ್ಮಾನಾ? ಟೀವಿ. ಸೀರಿಯಲ್. ಮನೆ ಬಿದ್ರೂ ಏಳಲ್ಲ."

"ಹಾಗಾದ್ರೆ ನಿಮ್ಮನೇಲಿ ಸೀರಿಯಲ್ ನಿಲ್ಲಿಸ್ತೀನಿ ಸರ್. ಎದ್ದು ಬರ್ತಾರಾ ಇಲ್ವಾ ಹೇಳಿ."

ಇಡೀ ಹಾಲ್ ನಕ್ಕಿತು. ಜಡ್ಜೂ ನಕ್ಕು, ಕನ್ನಡಕ ಹಾಕಿಕೊಂಡು, ಮುಂದಕ್ಕೆ ಬಾಗಿ ಕೂತರು. ನಾನು ಮೇಜಿನ ಕೆಳಗೆ ನೋಡಿದೆ. ಮೂವರ ಬೂಟುಗಳೂ ಅವಳ ಕಡೆ ತಿರುಗಿದ್ದವು. ಮೇಡಂಗೆ ಮೊಣಕೈಯಲ್ಲಿ ತಿವಿದೆ. "ನೋಡ್ದೆ" ಅಂದರು.

ಮೊದಲ ಬಹುಮಾನ ಬೇರೆ ಯಾರಿಗೋ ಹೋಯಿತು. ಆದರೆ ಕೆಲಸ ನಿಲ್ಲಲಿಲ್ಲ. ಮೊದಲು ನಮ್ಮ ಬೀದಿಯ, ಆಮೇಲೆ ಪಕ್ಕದ ಬೀದಿಯ ಮನೆಗಳಿಗೆ ಒಂದೊಂದಾಗಿ ಡಬ್ಬ ಹೋಯಿತು. ಒಬ್ಬರಿಗೆ ಮಿಕ್ಸಿ ನಿಲ್ಲಬೇಕು, ಒಬ್ಬರಿಗೆ ಟೀವಿ, ಹಿಟ್ಟಿನ ಗಿರಣಿಯ ಒಬ್ಬಾಕೆಗೆ ಗಿರಣಿಯೇ ನಿಲ್ಲಬೇಕು. ಪ್ರತಿ ಮನೆಗೂ ಹೋಗಿ ಅವಳು ಮೊದಲು ಕೇಳುವುದು, ಯಾರಿಗೆ ಅಂತ.

ಹೋದ ವರ್ಷ ಮೇಡಂಗೆ ಮೂತ್ರಪಿಂಡ ಕೈಕೊಟ್ಟಿತು. ಹಾಸಿಗೆ ಹಿಡಿದ ಮೇಲೆ ನಾನು ದಿನಾ ಗಂಜಿ ತೆಗೆದುಕೊಂಡು ಹೋಗುತ್ತಿದ್ದೆ. ಉಪ್ಪು ಕಡಿಮೆ ಅಂತ ದಿನಾ ಅನ್ನುವರು. ಡಾಕ್ಟರು ಉಪ್ಪೇ ಹಾಕಬೇಡಿ ಅಂದಿದ್ದಾರೆ ಅಂತ ದಿನಾ ನಾನು ಅನ್ನುವೆ. ಒಂದು ಬೆಳಿಗ್ಗೆ ರಂಜಿತಾಳ ಅಮ್ಮನನ್ನೂ ಕರೆಸಿ, ಇಬ್ಬರನ್ನೂ ಮಂಚದ ಪಕ್ಕ ಕೂರಿಸಿಕೊಂಡರು.

"ನಾನು ಹೋದಾಗ ಮಗ್ಗ ನಿಲ್ಲಿಸ್ಬೇಡಿ."

"ಅದೇನ್ ಮಾತು ಮೇಡಂ" ಅಂದೆ.

"ಕೇಳಿ ಇಲ್ಲಿ. ಈಗ ಈ ಬೀದೀಲಿ ಮಗ್ಗ ನಿಂತ್ರೆ ಒಂದೇ ಅರ್ಥ ಇರ್ಬೇಕು. ಯಾವುದೋ ಹುಡ್ಗಿಗೆ ನಾವು ಬೇಕಾಗಿದೆ ಅಂತ. ಅದರ ಜೊತೆ ನನ್ನ ಸಾವನ್ನ ಬೆರೆಸ್ಬೇಡಿ. ಇವತ್ತು ನನಗೆ ನಿಲ್ಲಿಸಿ ಇಡೀ ಬೀದಿ ನನ್ನ ಬಾಗಿಲಲ್ಲಿ ನಿಂತಿದ್ರೆ, ಅದೇ ಹೊತ್ತಿಗೆ ಏರಿ ಮೇಲೆ ಯಾರಾದ್ರೂ ಒತ್ತಿದ್ರೆ? ಯಾರಿಗೆ ಗೊತ್ತಾಗುತ್ತೆ?" ಉಸಿರು ಎಳೆದುಕೊಂಡರು. "ಇನ್ನೊಂದು. ರಂಜಿತಾಗೆ ಕೊನೇ ವರ್ಷದ ಪರೀಕ್ಷೆ. ಮಧ್ಯದಲ್ಲಿ ನಾನು ಹೋದ್ರೆ ಫೋನ್ ಮಾಡಿ ಕೆಡಿಸ್ಬೇಡಿ. ಬರೆದು ಮನೆಗೆ ಬರ್ಲಿ."

ರಂಜಿತಾಳ ಅಮ್ಮ ಅವರ ಕೈ ಹಿಡಿದುಕೊಂಡು ಹೂಂ ಅಂದರು.

ಪರೀಕ್ಷೆಯ ಕೊನೆಯ ದಿನದ ಬೆಳಿಗ್ಗೆ, ಅವಳು ಬಸ್ ಹತ್ತಿದ ಮೇಲೆ, ಮೇಡಂ ಹೋದರು. ಅವರಿಗೆ ಆ ನೇರಳೆ ಸೀರೆ ಉಡಿಸಿದವಳು ನಾನೇ. ಗೆರೆ ಕಾಣುವ ಹಾಗೆ ಸೆರಗು ಸರಿಮಾಡಿದೆ. ಬೀದಿಯ ಹಿರಿಯರಿಗೆ ಕಷ್ಟವಾಯಿತು. ತೆಲುಗು ಅಜ್ಜಿ, "ಇದೇಂ ಪದ್ಧತಿ, ಹೆಣ ಹೋಗೋವಾಗ ಮಗ್ಗ ಆಡಿಸೋದು" ಅಂತ ಕಣ್ಣೀರು ಹಾಕಿತು. ಆದರೂ ಪ್ರತಿ ಮನೆಯಲ್ಲಿ ಒಬ್ಬೊಬ್ಬರು ಮಗ್ಗದ ಮುಂದೆ ಕೂತರು, ಉಳಿದವರು ಹೊರಗೆ ಬಂದು ನಿಂತರು. ಮಧ್ಯಾಹ್ನ ಮೇಡಂ ಬೀದಿ ದಾಟಿದರು, ಆ ಟಕಟಕ ಸದ್ದಿನ ನಡುವೆಯೇ. ರಂಜಿತಾಳ ಅಮ್ಮ ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದರು. ಬೆನ್ನು ಅಲುಗುತ್ತಿತ್ತು. ಕೈ ನಿಂತಿರಲಿಲ್ಲ.

ಸಂಜೆ ನಾನು ಮೇಡಂ ಮನೆಯ ಬಾಗಿಲು ತೊಳೆಸಿ, ಜಗುಲಿಯ ಮೇಲೆ ಕೂತಿದ್ದೆ. ಏರಿ ಕಡೆಯಿಂದ ರಂಜಿತಾ ಬಂದಳು. ಪರೀಕ್ಷೆ ಮುಗಿದ ಖುಷಿ ನಡಿಗೆಯಲ್ಲೇ ಕಾಣುತ್ತಿತ್ತು. ಬೀದಿಯ ತುದಿಯಲ್ಲಿ ಒಂದು ಕ್ಷಣ ನಿಂತು ಕಿವಿಗೊಟ್ಟಳು. ಬೆಳಿಗ್ಗೆ ಹೊರಡುವಾಗ ಮೇಡಂ ಸ್ಥಿತಿ ನೋಡಿಕೊಂಡೇ ಹೋಗಿದ್ದಳು. ಮಗ್ಗ ಓಡುತ್ತಿವೆ, ಅಂದರೆ ಏನೂ ಆಗಿಲ್ಲ. ಮುಖ ಅರಳಿತು. ಮೇಡಂಗೆ ಅಂತ ಒಂದು ಪೊಟ್ಟಣ ಕಡಲೇಬೀಜ ತಂದಿದ್ದಳು, ಅದನ್ನು ಎತ್ತಿ ತೋರಿಸುತ್ತಾ ಬಂದವಳು, ತೊಳೆದ ಬಾಗಿಲಿನ ಮುಂದೆ ಒಣಗದ ನೀರು ನೋಡಿದಳು. ನೀರಿನಲ್ಲಿ ಅಂಟಿಕೊಂಡ ಹೂವಿನ ಎಸಳು ನೋಡಿದಳು.

"ಆಂಟಿ, ಮಗ್ಗ ಓಡ್ತಾ ಇವೆಯಲ್ಲಾ?"

"ಅವರೇ ಹೇಳಿದ್ರು ಪುಟ್ಟಾ" ಅಂದೆ. "ನಿನಗೋಸ್ಕರ. ನಿಲ್ಲಿಸ್ಬೇಡಿ ಅಂತ."

ಅವಳು ಪೊಟ್ಟಣವನ್ನು ಮೇಡಂ ಜಗುಲಿಯ ಮೇಲೆ ಇಟ್ಟು, ತನ್ನ ಮನೆ ಕಡೆ ನಡೆದಳು. ಒಳಗಿನಿಂದ ಅವಳ ಅಮ್ಮ ನೋಡಿದರು ಅಂತ ಕಾಣುತ್ತೆ. ಬೆಳಗಿನಿಂದ ತಡೆದುಕೊಂಡಿದ್ದದ್ದು ತಡೆಯಲಾಗದೆ, ಎದ್ದು ಸ್ವಿಚ್ ಎಳೆದುಬಿಟ್ಟರು. ಆ ಮನೆ ಒಮ್ಮೆಗೇ ಸುಮ್ಮನಾಯಿತು.

ತಕ್ಷಣ ಬೀದಿಯ ಬಾಗಿಲುಗಳೆಲ್ಲ ತೆಗೆದವು. ಬಡಿಗೆ, ಪೊರಕೆ, ಕೈಗೆ ಸಿಕ್ಕಿದ್ದು ಹಿಡಿದುಕೊಂಡು ಎಲ್ಲರೂ ಹೊರಗೆ. ಅಜ್ಜಿ ಕೋಲಿನ ಜೊತೆ ಮೆಟ್ಟಿಲ ಮೇಲೆ. ಬೆಳಿಗ್ಗೆ ಅತ್ತ ಕಣ್ಣುಗಳು ಇನ್ನೂ ಕೆಂಪಗಿದ್ದವು. ನಾನು ಮುಖಗಳನ್ನು ನೋಡಲಿಲ್ಲ. ಕಾಲು ನೋಡಿದೆ. ಅಷ್ಟೂ ಕಾಲುಗಳು ಏರಿ ಕಡೆ ತಿರುಗಿದ್ದವು.

ಬಾಗಿಲಲ್ಲಿ ಅಮ್ಮ ಮಗಳು ಒಬ್ಬರನ್ನೊಬ್ಬರು ಹಿಡಿದುಕೊಂಡು ನಿಂತಿದ್ದರು. ಅಮ್ಮ ಮಗಳ ತಲೆಯ ಮೇಲಿಂದ ನಮ್ಮನ್ನೆಲ್ಲ ನೋಡಿ, ಸೆರಗಿನ ತುದಿಯಲ್ಲಿ ಮೂಗು ಒರೆಸಿಕೊಂಡರು.

"ಏನಿಲ್ಲ ಹೋಗ್ರಿ. ಮಗಳು ಬಂದ್ಲು" ಅಂದರು. ಒಳಗೆ ಹೋಗಿ ಮಗ್ಗ ಹಾಕಿದರು.